ನೂಲು ಕೊಳ್ಳುವ ಸುಖ

ಗೃಹಿಣಿಯ ಖರೀದಿಯಲ್ಲಿ ಸಾಮಾನ್ಯವಾಗಿ ಎರಡು ವಿಧಗಳನ್ನು ಕಾಣುತ್ತೇವೆ. ಜೋಳ, ಅಕ್ಕಿ, ಬೇಳೆ, ಎಣ್ಣೆಗಳನ್ನು ತರುವುದು ಸಂಸಾರದ ಅಗತ್ಯ. ಹಬ್ಬಕ್ಕೆ ಸೀರೆ, ಮಕ್ಕಳಿಗೆ ಅಂಗಿ ತರುವುದು ಸಂಸಾರದ ಸಂಭ್ರಮ. ಈ ಎರಡಕ್ಕೂ ಪೂರ್ತಿಯಾಗಿ ಸೇರದ ಖರೀದಿಯೊಂದಿದೆ. ಅದು ಕೈಕೆಲಸಕ್ಕಾಗಿ ನೂಲು ಕೊಳ್ಳುವುದು. ಸೀರೆ ಮನೆಗೆ ಬರುವಾಗಲೇ ಸೀರೆಯಾಗಿರುತ್ತದೆ. ನೂಲಾದರೋ ಇನ್ನೂ ಏನೂ ಆಗಿರುವುದಿಲ್ಲ. ಅದು ಮೊಮ್ಮಗುವಿನ ಕುಲಾವಿಯಾಗಬಹುದು, ಮಗಳ ಸೀರೆಯ ಸೆರಗಿನ ಮೇಲೆ ಆನೆ ಅಂಬಾರಿಯಾಗಬಹುದು, ಯಜಮಾನರ ಸ್ವೆಟರ್ ಆಗಬಹುದು. ಏನಾಗಬೇಕೆಂಬುದನ್ನು ನಿರ್ಧರಿಸುವವಳು ಅದನ್ನು ಕೊಂಡವಳೇ.

ಹುಬ್ಬಳ್ಳಿಯ ದುರ್ಗದ ಬೈಲು, ಬೆಳಗಾವಿಯ ಖಡೇಬಜಾರ, ಬೆಂಗಳೂರಿನ ಚಿಕ್ಕಪೇಟೆಗಳಂಥ ಹಳೆಯ ಪೇಟೆಗಳಲ್ಲಿ ಅಡ್ಡಾಡಿದವರಿಗೆ ಗುಂಡಿ, ಲೇಸು, ದಾರಗಳ ಇಕ್ಕಟ್ಟಾದ ಅಂಗಡಿಗಳ ಪರಿಚಯವಿದ್ದೇ ಇರುತ್ತದೆ. ನೆಲದಿಂದ ಛಾವಣಿಯವರೆಗೆ ಜೋಡಿಸಿದ ಬಣ್ಣದ ಲಡಿಗಳು, ಗಾಜಿನ ಪೆಟ್ಟಿಗೆಯೊಳಗೆ ರೀಲುಗಳು, ಮೇಲೆ ಕಟ್ಟಿ ಇಳಿಬಿಟ್ಟ ಉಣ್ಣೆಯ ಉಂಡೆಗಳು. ‘ಆ ಕೆಂಪಲ್ಲ, ಅದರ ಪಕ್ಕದ್ದು, ಅದೂ ಅಲ್ಲ, ಇನ್ನೂ ಸ್ವಲ್ಪ ಕುಂಕುಮದ ಕಡೆಯದು’ ಎಂಬ ಮಾತು ಅಲ್ಲಿ ದಿನಕ್ಕೆ ನೂರು ಸಲ ಕೇಳಿಬರುತ್ತದೆ. ಈ ಅಂಗಡಿಗಳಲ್ಲಿ ಪಡೆಯುವ ಸಂತೋಷವನ್ನೂ ಅಲ್ಲಿ ವಹಿಸಬೇಕಾದ ಎಚ್ಚರವನ್ನೂ ಕುರಿತು ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬುದು ನಮ್ಮ ಉದ್ದೇಶ.

ಸೆರಗಿನ ಎಳೆಯಿಂದ ಅಂಗಡಿಯ ಲಡಿಗೆ

ನೂಲಿನ ಕೆಲಸಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಗೌರವವಿದೆ. ಮುದನೂರಿನ ಜೇಡರ ದಾಸಿಮಯ್ಯನವರು ನೇಯ್ಗೆಯಿಂದ ಬದುಕಿದರು. ಹನ್ನೆರಡನೆಯ ಶತಮಾನದ ಶರಣೆ ರೆಮ್ಮವ್ವೆಯ ಹೆಸರಿನ ಹಿಂದೆಯೇ ಕದಿರು ಇದೆ. ನೂಲು ತೆಗೆಯುವುದೇ ಆಕೆಯ ಕಾಯಕ. ಹೆಣ್ಣೊಬ್ಬಳು ತನ್ನ ಕೈಯ ನೂಲಿನಿಂದ ಗುರುತಿಸಿಕೊಂಡ ಆ ಕಾಲವನ್ನು ನೆನೆದಾಗ ಹೆಮ್ಮೆಯಾಗುತ್ತದೆ.

ಆದರೆ ಎಲ್ಲ ಕಾಲದಲ್ಲೂ ಎಲ್ಲ ಮನೆಯ ಹೆಣ್ಣುಮಕ್ಕಳಿಗೂ ತಮ್ಮ ನೂಲನ್ನು ತಾವೇ ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಧಾರವಾಡ ಸೀಮೆಯ ಕಸೂತಿಯ ಕಥೆಯನ್ನೇ ನೋಡಿ. ಹಿಂದಿನವರು ಹಳೆಯ ಸೀರೆಯ ಅಂಚು ಸೆರಗುಗಳಿಂದ ರೇಷ್ಮೆಯ ಎಳೆಗಳನ್ನು ಬಿಡಿಸಿ, ಅದೇ ಎಳೆಯಿಂದ ಹೊಸ ಸೀರೆಯ ಮೇಲೆ ಕಸೂತಿ ತೆಗೆಯುತ್ತಿದ್ದರು. ಅದು ಜಾಣತನ ನಿಜ. ಅದರ ಹಿಂದೆ ಇನ್ನೊಂದು ಸಂಗತಿಯೂ ಇತ್ತು. ದಾರಕ್ಕಾಗಿ ಕಾಸು ಕೇಳುವುದು ಎಷ್ಟೋ ಸೊಸೆಯಂದಿರಿಗೆ ಸಂಕೋಚದ ಮಾತಾಗಿತ್ತು. ಪೇಟೆಗೆ ಹೋಗುವವರು ಗಂಡಸರು. ಅವರು ತಂದ ಬಣ್ಣವೇ ಬಣ್ಣ. ಇಂದು ಒಬ್ಬ ತಾಯಿ ತನ್ನ ಕೈಚೀಲದಲ್ಲಿ ತನ್ನದೇ ದುಡ್ಡಿಟ್ಟುಕೊಂಡು, ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು, ಹತ್ತು ಹಸಿರುಗಳಲ್ಲಿ ಒಂದನ್ನು ಆರಿಸುತ್ತಾಳೆ. ‘ಇಷ್ಟು ಹೊತ್ತು ಏನು ನೋಡುವುದು?’ ಎಂದು ಮನೆಯವರು ನಕ್ಕರೂ ನಗಲಿ. ಆ ಅರ್ಧ ಗಂಟೆಯನ್ನು ನಾವು ಹಗುರವಾಗಿ ಕಾಣಲಾರೆವು.

ಹಗಲ ಬೆಳಕಿನಲ್ಲಿ ಬಣ್ಣ

ನೂಲಿನ ಅಂಗಡಿಗೆ ಹಗಲಿನಲ್ಲೇ ಹೋಗಬೇಕೆಂಬುದು ಅನುಭವಸ್ಥರ ಮಾತು. ದೀಪದ ಬೆಳಕಿನಲ್ಲಿ ಒಂದೇ ಎಂದು ತೋರಿದ ಎರಡು ನೀಲಿಗಳು ಬಿಸಿಲಿನಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಬಣ್ಣಕ್ಕೆ ಬಳಸಿದ ದ್ರವ್ಯ ಬೇರೆಯಾದರೆ ಬೆಳಕು ಬದಲಾದಂತೆ ಛಾಯೆಯೂ ಬದಲಾಗುತ್ತದೆ. ಆದುದರಿಂದ ಲಡಿಯನ್ನು ಅಂಗಡಿಯ ಮೆಟ್ಟಿಲವರೆಗೆ ತಂದು ನೋಡಲು ನಾಚಬೇಕಾಗಿಲ್ಲ. ಕಸೂತಿ ತೆಗೆಯಬೇಕಾದ ಸೀರೆಯನ್ನೋ, ಕುಬುಸದ ಖಣವನ್ನೋ ಜೊತೆಯಲ್ಲಿ ಒಯ್ದು, ಅದರ ಮೇಲೆ ದಾರವನ್ನಿಟ್ಟು ನೋಡುವುದು ಇನ್ನೂ ಉತ್ತಮ. ಚಂದ್ರಕಾಳಿಯ ಕಪ್ಪಿನ ಮೇಲೆ ಉರಿಯುವಂತೆ ಕಾಣುವ ಕಿತ್ತಳೆ, ಇಳಕಲ್ ಸೀರೆಯ ದಾಳಿಂಬೆ ಬಣ್ಣದ ಮೇಲೆ ಮಂಕಾಗಿಬಿಡಬಹುದು.

ಹತ್ತಿಯ ದಾರದಲ್ಲೂ ರೇಷ್ಮೆಯಂಥ ಹೊಳಪು ಬರುವುದು ಹೇಗೆಂದು ಹಲವರು ಕೇಳುವುದುಂಟು. ಇಂಗ್ಲೆಂಡಿನ ಜಾನ್ ಮರ್ಸರ್ ಎಂಬಾತ ಹತ್ತಿಯನ್ನು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಹದಗೊಳಿಸುವ ಕ್ರಮವನ್ನು ಕಂಡುಹಿಡಿದು 1850ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಮುಂದೆ 1890ರ ಸುಮಾರಿಗೆ ಹೊರೇಸ್ ಲೋ ಎಂಬಾತ, ಹೀಗೆ ಹದಗೊಳಿಸುವಾಗ ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಹೊಳಪನ್ನೂ ಪಡೆಯುತ್ತದೆಂದು ತೋರಿಸಿಕೊಟ್ಟನು. ಲೇಬಲ್ಲಿನ ಮೇಲೆ ‘ಮರ್ಸರೈಸ್ಡ್’ ಎಂದು ಬರೆದಿರುವುದರ ಅರ್ಥ ಇದೇ. ಇಂಥ ದಾರ ಗಟ್ಟಿಯೂ ಹೌದು, ಬಣ್ಣವನ್ನು ಚೆನ್ನಾಗಿ ಹೀರುವಂಥದೂ ಹೌದು.

ಬಣ್ಣ ಬಿಡುವ ದಾರದ ಅಪಾಯ

ದಾರದ ಖರೀದಿಯಲ್ಲಿ ನಿಜವಾಗಿಯೂ ಪಣಕ್ಕೆ ಬೀಳುವುದು ದುಡ್ಡಲ್ಲ, ದುಡಿಮೆ. ಒಂದು ಸೀರೆಯ ಮೈತುಂಬ ಕಸೂತಿ ತೆಗೆಯಲು ತಿಂಗಳುಗಟ್ಟಲೆ ಬೇಕು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ; ಬಟ್ಟೆಯ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ನವಿಲು, ದೀಪಗಳನ್ನು ಮೂಡಿಸಬೇಕು. ಎಣಿಕೆ ಒಂದೆಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಹೀಗೆ ಕಣ್ಣು ಬಸಿದು ಮಾಡಿದ ಕೆಲಸ ಮೊದಲ ಒಗೆತದಲ್ಲಿಯೇ ಕೆಂಪು ಹರಿದು ಹಾಳಾದರೆ, ಆ ನಷ್ಟವನ್ನು ಯಾವ ಅಂಗಡಿಯವನೂ ತುಂಬಿಕೊಡಲಾರ. ಅಗ್ಗದ ದಾರದಿಂದ ಉಳಿಯುವುದು ಅಲ್ಪ. ಕಳೆದುಕೊಳ್ಳುವುದು ಒಂದು ಚಳಿಗಾಲದ ಮಧ್ಯಾಹ್ನಗಳೆಲ್ಲವನ್ನೂ.

ಆದುದರಿಂದ ಮೊದಲು ಒಂದೇ ಲಡಿಯನ್ನು ಕೊಂಡು ಮನೆಯಲ್ಲಿ ಪರೀಕ್ಷಿಸುವುದು ಒಳಿತು. ಒಂದು ಗೇಣು ದಾರವನ್ನು ಉಗುರುಬೆಚ್ಚಗಿನ ಸಾಬೂನಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಬಿಳಿಯ ಹತ್ತಿ ಬಟ್ಟೆಯ ಮಡಿಕೆಯಲ್ಲಿಟ್ಟು ಒತ್ತಿ, ಒಣಗಲು ಬಿಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ದಾರ ಸೀರೆಗೆ ಸಲ್ಲದು. ಕೆಂಪು, ಕಪ್ಪು, ಗಾಢ ನೀಲಿಗಳಲ್ಲಿ ಈ ಪರೀಕ್ಷೆಯನ್ನು ಎಂದೂ ತಪ್ಪಿಸಬಾರದು.

ಎಷ್ಟು ನೂಲು ಬೇಕು?

ಕಡಮೆ ಕೊಂಡರೆ ಮತ್ತೆ ಅದೇ ಬಣ್ಣ ಸಿಗುವ ಭರವಸೆಯಿಲ್ಲ. ಹೆಚ್ಚು ಕೊಂಡರೆ ಪೆಟ್ಟಿಗೆ ತುಂಬುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಕಸೂತಿಯ ನಾಲ್ಕು ಹೊಲಿಗೆಗಳು ಗವಂತಿ, ಮುರಗಿ, ನೇಗಿ ಮತ್ತು ಮೆಂತೆ. ಇವುಗಳಲ್ಲಿ ಗವಂತಿಯಲ್ಲಿ ಸೂಜಿ ಒಮ್ಮೆ ಹೋಗಿ, ಬಿಟ್ಟ ಜಾಗವನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುವುದು ಇದರಿಂದಲೇ. ಎಂದರೆ ಗೆರೆ ಎಷ್ಟು ಉದ್ದವೋ ಅದರ ಎರಡರಷ್ಟು ದಾರ ಬೇಕು. ಪೇಟೆಯಲ್ಲಿ ದೊರೆಯುವ ಆರೆಳೆಯ ಕಸೂತಿ ದಾರದ ಲಡಿ ಸಾಮಾನ್ಯವಾಗಿ 8 ಮೀಟರಿನದು. ಅದನ್ನು ಬಿಡಿಸಿದರೆ 48 ಮೀಟರ್ ಒಂಟಿ ಎಳೆ ದೊರೆಯುತ್ತದೆ. ಒಂದೆಳೆಯಲ್ಲಿ ಕೆಲಸ ಮಾಡುವವರಿಗೆ, ತುದಿಗಳ ನಷ್ಟವನ್ನು ಕಳೆದು, ಸುಮಾರು 20 ಮೀಟರ್ ಗೆರೆಗೆ ಅದು ಸಾಲುತ್ತದೆ. ಎರಡೆಳೆಯಾದರೆ 10 ಮೀಟರಿಗೆ. ಒಂದು ಚಿತ್ರದ ಗೆರೆಗಳನ್ನು ಅಳೆದು, ಸೀರೆಯಲ್ಲಿ ಅಂಥವು ಎಷ್ಟು ಬರುತ್ತವೆಂದು ಗುಣಿಸಿದರೆ ಲಡಿಗಳ ಸಂಖ್ಯೆ ತಿಳಿಯುತ್ತದೆ. ಅದಕ್ಕೆ ಒಂದೆರಡು ಹೆಚ್ಚಿಗೆ ಸೇರಿಸಿಕೊಂಡರೆ ನಿಶ್ಚಿಂತೆ.

ಉಣ್ಣೆಯಲ್ಲಿ ಲೆಕ್ಕ ತೂಕದ್ದು. ಎಳೆಯ ಮಗುವಿನ ಸ್ವೆಟರಿಗೆ ಸುಮಾರು 100 ಗ್ರಾಂ, ದೊಡ್ಡವರ ತುಂಬುತೋಳಿನ ಸ್ವೆಟರಿಗೆ 400ರಿಂದ 500 ಗ್ರಾಂ ಎಂದಿಟ್ಟುಕೊಳ್ಳಬಹುದು. ವಿನ್ಯಾಸ ದಟ್ಟವಾದಷ್ಟೂ ಉಣ್ಣೆ ಹೆಚ್ಚು ಹಿಡಿಯುತ್ತದೆ. ಎಲ್ಲ ಉಂಡೆಗಳ ಲೇಬಲ್ಲಿನ ಮೇಲೂ ಒಂದೇ ಲಾಟ್ ನಂಬರ್ ಇದೆಯೇ ಎಂದು ನೋಡಿಯೇ ಹಣ ಕೊಡಬೇಕು. ಒಂದು ಸಲದ ಬಣ್ಣದ ಕಡಾಯಿಯಲ್ಲಿ ಅದ್ದಿದ ನೂಲಿಗೂ ಮುಂದಿನ ಸಲ ಅದ್ದಿದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿರುತ್ತದೆ. ಉಂಡೆಯಲ್ಲಿ ಕಾಣದ ಆ ವ್ಯತ್ಯಾಸ, ಹೆಣೆದ ಮೇಲೆ ಎದೆಯ ನಡುವೆ ಪಟ್ಟೆಯಾಗಿ ಎದ್ದು ಕಾಣುತ್ತದೆ.

ಕಡ್ಡಿಗಳನ್ನು ಕೊಳ್ಳುವಾಗಲೂ ಒಂದು ಮಾತು ನೆನಪಿರಲಿ. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಎಣಿಕೆಯಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣದು. 8ನೆಯ ನಂಬರಿನದು 4 ಮಿಲಿಮೀಟರ್ ದಪ್ಪ, 10ನೆಯದು 3.25 ಮಿಲಿಮೀಟರ್. ಕೆಲಸ ತೊಡಗುವ ಮುನ್ನ 10 ಸೆಂಟಿಮೀಟರ್ ಅಳತೆಯ ಚೌಕವೊಂದನ್ನು ಹೆಣೆದು ನೋಡಿದರೆ, ಆಮೇಲೆ ಇಡೀ ಸ್ವೆಟರನ್ನು ಬಿಚ್ಚುವ ಕಷ್ಟ ತಪ್ಪುತ್ತದೆ.

ಉಣ್ಣೆ ಯಾವುದು, ಉಲ್ಲನ್ ಯಾವುದು?

ಪೇಟೆಯಲ್ಲಿ ‘ಉಲ್ಲನ್’ ಎಂದು ಕರೆಯುವುದೆಲ್ಲ ಕುರಿಯ ಉಣ್ಣೆಯಲ್ಲ. ಅದರಲ್ಲಿ ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲು. ಅದು ಹಗುರ, ಅಗ್ಗ, ಒಗೆಯಲು ಸುಲಭ, ನುಸಿ ತಿನ್ನದು. ನಿಜವಾದ ಉಣ್ಣೆ ಬೆಲೆಯಲ್ಲಿ ಹೆಚ್ಚು. ಬಿಸಿನೀರಿನಲ್ಲಿ ಹಾಕಿ ತಿಕ್ಕಿದರೆ ಅದರ ಎಳೆಯ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ಆದರೆ ಒದ್ದೆಯಾದರೂ ಬೆಚ್ಚಗಿಡುವ ಗುಣ ಅದರದು. ಎರಡರಲ್ಲಿ ಯಾವುದನ್ನು ಕೊಂಡರೂ ತಪ್ಪಿಲ್ಲ. ಒಂದರ ಬೆಲೆ ಕೊಟ್ಟು ಇನ್ನೊಂದನ್ನು ತರುವುದು ಮಾತ್ರ ಬೇಡ.

ಇವೆರಡನ್ನು ಗುರುತಿಸಲು ಸುಲಭವಾದ ಉಪಾಯವಿದೆ. ಎರಡಂಗುಲದ ತುಂಡನ್ನು ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ, ಸೆರಗನ್ನು ದೂರವಿರಿಸಿಕೊಂಡು ದೀಪಕ್ಕೆ ಹಿಡಿಯಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿನಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಈ ಪರೀಕ್ಷೆಯನ್ನು ಹಿರಿಯರೇ ಮಾಡಬೇಕು, ಮಕ್ಕಳ ಕೈಗೆ ಕೊಡಬಾರದು.

ಕೂಸಿನ ಕುಂಚಿಗೆ, ಕುಲಾವಿಗಳಿಗೆ ನೂಲು ಆರಿಸುವಾಗ ಅದನ್ನು ಕೆನ್ನೆಗೋ ಕೊರಳಿಗೋ ಸೋಕಿಸಿ ನೋಡಿ. ನಮಗೆ ಚುಚ್ಚಿದರೆ ಕೂಸಿಗೆ ಇನ್ನೂ ಹೆಚ್ಚು ಚುಚ್ಚುತ್ತದೆ. ಕೈಚೀಲ, ಕಾಲುಚೀಲಗಳ ಒಳಗೆ ಸಡಿಲವಾದ ಎಳೆ ಉಳಿಯದಂತೆಯೂ ನೋಡಿಕೊಳ್ಳಬೇಕು. ಅಂಥ ಎಳೆ ಎಳೆಯ ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಲ್ಲುವ ಅಪಾಯವಿದೆ.

ಉಣ್ಣೆಯ ಮಾತು ಬಂದಾಗ ನಮ್ಮ ದಖನಿ ಕುರಿಯನ್ನು ಮರೆಯುವಂತಿಲ್ಲ. ಅದರ ಉಣ್ಣೆ ಒರಟು, ಸ್ವೆಟರಿಗೆ ಒಗ್ಗದು. ಆದರೆ ಕುರುಬ ಸಮಾಜದವರು ಕೈಯಲ್ಲಿ ನೂತು, ಹುಣಸೆಬೀಜದ ಗಂಜಿ ಕೊಟ್ಟು, ಗುಂಡಿಮಗ್ಗದಲ್ಲಿ ನೇಯುವ ಕರಿಯ ಕಂಬಳಿಗೆ ಅದೇ ತಕ್ಕ ನೂಲು. ಚಳ್ಳಕೆರೆಯ ಕಡೆಗೆ ಹೋದವರು ಆ ಕಂಬಳಿಯನ್ನು ಮುಟ್ಟಿ ನೋಡದೆ ಬರಬಾರದು. ಪ್ರತಿಯೊಂದು ನೂಲಿಗೂ ಅದರದೇ ಆದ ಕೆಲಸವುಂಟೆಂಬುದು ಆಗ ತಿಳಿಯುತ್ತದೆ.

ದಾರದ ಬೆಲೆ, ಕೈಯ ಬೆಲೆ

ಧಾರವಾಡದ ಕಸೂತಿಗೂ ಇಳಕಲ್ ಸೀರೆಗೂ ಇಂದು ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಸಂತೋಷದ ವಿಷಯ. ಆದರೆ ಕಸೂತಿ ತೆಗೆದು ಸಂಸಾರ ತೂಗಿಸುವ ಎಷ್ಟೋ ತಾಯಂದಿರು ತಮ್ಮ ಮನೆಯ ಹೊಸ್ತಿಲಲ್ಲಿ ಕುಳಿತು, ಒಂದು ಸೀರೆಗೆ ಇಷ್ಟು ಎಂದು ಗುತ್ತಿಗೆಯ ಮೇಲೆ ದುಡಿಯುತ್ತಾರೆ. ನಾವು ಅಂಗಡಿಯಲ್ಲಿ ಸಿದ್ಧ ಕಸೂತಿ ಸೀರೆಯ ಬೆಲೆ ಕೇಳಿ ‘ಅಬ್ಬಾ!’ ಎನ್ನುತ್ತೇವೆ. ತಾನೇ ನೂಲು ಕೊಂಡು, ತಾನೇ ಎಣಿಸಿ, ಕರವಸ್ತ್ರದಷ್ಟು ಬಟ್ಟೆಯ ಮೇಲಾದರೂ ಒಂದು ತುಳಸಿಕಟ್ಟೆ ತೆಗೆದವಳು ಹಾಗೆನ್ನುವುದಿಲ್ಲ. ಒಂದು ಸೀರೆಯಲ್ಲಿ ದಾರದ ವೆಚ್ಚ ಎಷ್ಟು ಕಡಮೆ, ಕಣ್ಣು ಬೆರಳುಗಳ ವೆಚ್ಚ ಎಷ್ಟು ಹೆಚ್ಚು ಎಂಬುದು ಆಕೆಗೆ ಗೊತ್ತಿರುತ್ತದೆ. ಆಕೆ ಮಾಡಿದವಳ ಕೂಲಿಯಲ್ಲಿ ಚೌಕಾಸಿ ಮಾಡಲಾರಳು. ಕೈಕೆಲಸ ಕಲಿಯುವುದರಿಂದ ದೊರೆಯುವ ದೊಡ್ಡ ಲಾಭ ಇದೆಂದು ನಾವು ಭಾವಿಸುತ್ತೇವೆ.

ಮುಂದಿನ ಸಲ ನೂಲಿನ ಅಂಗಡಿಗೆ ಹೊರಟಾಗ ಮಗಳನ್ನೋ ಮೊಮ್ಮಗಳನ್ನೋ ಕರೆದುಕೊಂಡು ಹೋಗಿ. ಗಂಡುಮಕ್ಕಳು ಬರುತ್ತೇವೆಂದರೆ ಅವರನ್ನೂ ಕರೆದೊಯ್ಯಿರಿ. ಒಂದು ಬಣ್ಣವನ್ನಾದರೂ ಅವರೇ ಆರಿಸಲಿ. ಅದು ನಮಗೆ ಒಪ್ಪಿಗೆಯಾಗದಿದ್ದರೂ ಸುಮ್ಮನಿರೋಣ. ಹಿರಿಯರಿಗೆ ಈಗ ಕಪ್ಪು ಬಟ್ಟೆಯ ಎಳೆಗಳು ಕಾಣುವುದಿಲ್ಲ, ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಆದರೆ ಯಾವ ಹಸಿರಿನ ಪಕ್ಕಕ್ಕೆ ಯಾವ ಕೆಂಪು ನಿಲ್ಲುತ್ತದೆಂಬುದನ್ನು ಅವರಷ್ಟು ಬಲ್ಲವರಿಲ್ಲ. ಕಿರಿಯರ ಕಣ್ಣು, ಹಿರಿಯರ ತಿಳಿವಳಿಕೆ ಒಂದೇ ಅಂಗಡಿಯಲ್ಲಿ ಕೂಡಿದರೆ, ಕೊಂಡ ನೂಲು ಪೆಟ್ಟಿಗೆಯಲ್ಲಿಯೇ ಉಳಿಯಲಾರದು. ಮನೆಗೆ ಬಂದ ಮೇಲೆ ಲೇಬಲ್ಲುಗಳನ್ನು ಎಸೆಯದೆ, ಬಣ್ಣದ ನಂಬರನ್ನೂ ಕೊಂಡ ದಿನವನ್ನೂ ಒಂದು ನೋಟುಪುಸ್ತಕದಲ್ಲಿ ಗುರುತಿಸಿ, ಮಿಕ್ಕ ಒಂದೆರಡು ಗೇಣು ದಾರವನ್ನು ಅಲ್ಲಿಯೇ ಅಂಟಿಸಿಡಿ. ಹತ್ತು ವರ್ಷಗಳ ನಂತರ ಸೀರೆಯ ಒಂದು ಹೊಲಿಗೆ ಸಡಿಲಗೊಂಡಾಗ, ಅದನ್ನು ತಿದ್ದಲು ಕುಳಿತ ಮಗಳಿಗೆ ಆ ಪುಟ ಬೇಕಾಗುತ್ತದೆ.