ಬಾಣಂತಿಯ ಗಂಗಾಳ, ಮನೆಯ ಲೆಕ್ಕ

ಸುಗ್ಗಿ ವರ್ಷಕ್ಕೊಮ್ಮೆ ಬರುತ್ತದೆ. ಹಸಿವು ದಿನಕ್ಕೆ ಮೂರು ಸಲ ಬರುತ್ತದೆ. ಒಕ್ಕಲುತನವನ್ನೇ ನೆಚ್ಚಿದ ಮನೆಗಳ ಹಣಕಾಸಿನ ತಾಪತ್ರಯವೆಲ್ಲ ಈ ಎರಡರ ನಡುವಿನ ಅಂತರದಲ್ಲಿಯೇ ಅಡಗಿದೆ. ಆ ಅಂತರದ ಭಾರವನ್ನು ಹೆಚ್ಚಾಗಿ ಹೊರುವವರು ಇಬ್ಬರು: ಬಾಣಂತಿ ಮತ್ತು ಅವಳ ಕೂಸು. ಇವರಿಬ್ಬರೂ ಬಾಯಿಬಿಟ್ಟು ಕೇಳುವವರಲ್ಲ. ಆದುದರಿಂದಲೇ ಮನೆಯ ಹಿರಿಯರು ಈ ವಿಷಯವನ್ನು ತಾವಾಗಿ ವಿಚಾರಿಸಬೇಕಾಗಿದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹಿಂದೆ ಮನೆಮನೆಗೂ ಕಾಳುಕಡಿಯ ಸಂಗ್ರಹವಿರುತ್ತಿತ್ತು. ಹಗೇವಿನಲ್ಲಿ ಜೋಳ, ಕಣಜದಲ್ಲಿ ಭತ್ತ, ಗಡಿಗೆಗಳಲ್ಲಿ ಹೆಸರು, ಅಲಸಂದಿ. ಇಂದು ಹಾವೇರಿ ಜಿಲ್ಲೆಯ ಮಳೆಯಾಶ್ರಿತ ಹೊಲಗಳನ್ನು ಬಹುಮಟ್ಟಿಗೆ ಗೋವಿನಜೋಳ, ಹತ್ತಿಗಳು ಆಕ್ರಮಿಸಿವೆ. ಗೋವಿನಜೋಳದ ಬಹುಭಾಗ ಕೋಳಿ-ದನಗಳ ಆಹಾರಕ್ಕೆಂದು ಲಾರಿ ಏರಿ ಹೋಗುತ್ತದೆ. ಇದು ತಪ್ಪೆಂದಲ್ಲ, ರೈತನಿಗೆ ರೊಕ್ಕ ಬೇಕು. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾಳು ಮನೆಯಲ್ಲಿದ್ದಾಗ ಬಾಣಂತಿಗೆ ಬೇಕಾದುದನ್ನು ಅತ್ತೆಯೋ ತಾಯಿಯೋ ಯಾರನ್ನೂ ಕೇಳದೆ ಅಳೆದುಕೊಡುತ್ತಿದ್ದಳು. ಇಂದು ಒಂದು ಸೇರು ಜೋಳಕ್ಕೂ ಸಂತೆಗೆ ಹೋಗಬೇಕು. ಸಂತೆಗೆ ರೊಕ್ಕ ಬೇಕು. ರೊಕ್ಕವಾದರೋ ಗಂಡಸಿನ ಅಂಗಿಯ ಕಿಸೆಯಲ್ಲಿದೆ. ಬೆಳೆ ಬದಲಾದಂತೆ ಅಡುಗೆಮನೆಯ ಅಧಿಕಾರವೂ ಕೈಬದಲಾಯಿತೆಂಬುದನ್ನು ನಾವು ಲಕ್ಷಿಸಲಿಲ್ಲ.

ಕುಬಸದ ಸಂಭ್ರಮಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಹಸಿರು ಸೀರೆ, ಬಳೆ, ಪೆಂಡಾಲು, ಊರೂಟ. ಮುಂದೆ ತೊಟ್ಟಿಲು ಹಾಕುವ ದಿನ ಮತ್ತೊಂದು ಊಟ. ಚೊಚ್ಚಲ ಹೆರಿಗೆ ತವರಿನದು ಎಂಬ ರೂಢಿಯಿಂದ ಈ ವೆಚ್ಚದ ಬಹುಪಾಲು ಹೆಣ್ಣುಹೆತ್ತವರ ಮೇಲೆ ಬೀಳುತ್ತದೆ. ಬೀಗರೆದುರು ಸಣ್ಣವರಾಗಬಾರದೆಂದು ಸಂಘದಲ್ಲಿ ಸಾಲ ಎತ್ತಿ ಊಟ ಹಾಕಿದವರು, ಮರುತಿಂಗಳು ಅದೇ ಮಗಳ ಅಂಟಿನುಂಡಿಗೆ ಕೊಬ್ಬರಿ, ಉತ್ತತ್ತಿ, ತುಪ್ಪ ಕೊಳ್ಳುವಾಗ ಕೈ ಬಿಗಿಹಿಡಿಯುತ್ತಾರೆ. ನೂರು ಜನ ಒಂದು ದಿನ ಉಂಡುಹೋಗುವುದಕ್ಕೂ ಒಬ್ಬಳು ನೂರು ದಿನ ಹೊಟ್ಟೆತುಂಬ ಉಣ್ಣುವುದಕ್ಕೂ ಅಂತರವಿದೆ. ಮೊದಲನೆಯದು ಮರ್ಯಾದೆಗೆ, ಎರಡನೆಯದು ಜೀವಕ್ಕೆ.

ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ನಮ್ಮ ದೇಶದ ಪೋಷಣತಜ್ಞರೇ ಹೇಳಿದ್ದಾರೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯವರು. ಹೀಗಿರುವಾಗ ಬಾಣಂತಿಗೆ ನೀರು ಕೊಟ್ಟರೆ ಮೈ ಬಾತೀತು, ಕಾಯಿಪಲ್ಯ ಕೊಟ್ಟರೆ ಕೂಸಿಗೆ ಶೀತವಾದೀತು ಎಂದು ಅನ್ನ-ಸಾರಿನಲ್ಲಿಯೇ ದಿನ ನೂಕುವುದು ಸಲ್ಲದು. ಅಳವಿ ಪಾಯಸ, ಅಂಟಿನುಂಡಿ, ಮೆಂತ್ಯದ ಉಪಚಾರ ಇವೆಲ್ಲ ಹಿರಿಯರ ಅನುಭವದಿಂದ ಬಂದ ಒಳ್ಳೆಯ ಪದ್ಧತಿಗಳು, ಇರಲಿ. ಅವುಗಳೊಡನೆ ಸೊಪ್ಪು, ಬೇಳೆ, ಹಾಲು, ಸಾಕಷ್ಟು ನೀರು ಮತ್ತು ವೈದ್ಯರು ಹೇಳಿದ ಕಬ್ಬಿಣಾಂಶದ ಗುಳಿಗೆಗಳೂ ಇರಲಿ.

ಬಾಣಂತಿಯನ್ನು ಕತ್ತಲ ಕೋಣೆಯಲ್ಲಿ ಮುಟ್ಟಬಾರದವಳಂತೆ ಕೂಡಿಸುವುದಂತೂ ಶರಣಧರ್ಮಕ್ಕೇ ವಿರುದ್ಧ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಜನನಸೂತಕವೂ ಒಂದು. ಕೂಸಿಗೆ ಗರ್ಭದಲ್ಲಿರುವಾಗಲೇ ಲಿಂಗಸಂಸ್ಕಾರ ನೀಡುವ ಪದ್ಧತಿ ನಮ್ಮದು. ಆ ಕೂಸನ್ನು ಹೆತ್ತವಳಿಗೆ ಮೈಲಿಗೆ ಎಲ್ಲಿಯದು? ಅವಳಿಗೆ ವಿಶ್ರಾಂತಿ ಬೇಕು, ಬೆಚ್ಚಗಿನ ಜಾಗ ಬೇಕು, ಅಂಟುರೋಗಗಳಿಂದ ದೂರವಿರಬೇಕು, ಇದು ಆರೈಕೆ. ಅವಳನ್ನು ದೂರವಿಡುವುದು ಆರೈಕೆಯಲ್ಲ.

ಇನ್ನು ಉಣ್ಣಲೊಲ್ಲದ ಮಕ್ಕಳ ವಿಚಾರ. ‘ನಮ್ಮ ಹುಡುಗ ರೊಟ್ಟಿ ಮುಟ್ಟುವುದೇ ಇಲ್ಲ’ ಎಂಬ ದೂರು ಈಗ ಹಳ್ಳಿಗಳಲ್ಲಿಯೂ ಕೇಳಿಬರುತ್ತಿದೆ. ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೆತ್ತನೆಯ ಆಹಾರ ಆರಂಭಿಸಬೇಕು. ಹೊಸ ರುಚಿಯನ್ನು ಕೂಸು ಮೊದಲ ಸಲ ಉಗುಳುವುದು ಸಹಜ. ಒತ್ತಾಯಿಸದೆ ಹತ್ತು ಹದಿನೈದು ಸಲ ತುಸುತುಸುವೇ ಮುಂದಿಟ್ಟರೆ ಒಗ್ಗುತ್ತದೆ. ಎರಡನೆಯ ಸಲಕ್ಕೇ ಬೇಸತ್ತು ಅಂಗಡಿಯ ಪಾಕೀಟು ಹರಿದುಕೊಟ್ಟರೆ ಮಗು ಕಲಿಯುವ ಪಾಠವೇ ಬೇರೆ. ಐದು ರೂಪಾಯಿಯ ಪಾಕೀಟು ದಿನಕ್ಕೆ ಎರಡಾದರೆ ವರ್ಷಕ್ಕೆ 3,650 ರೂಪಾಯಿ! ಹಸಿವನ್ನು ಕೊಲ್ಲಲು ನಾವೇ ತೆರುವ ಬೆಲೆ ಇದು. ಸವಣೂರಿನ ಖಾರಾ ಬಂದ ಬೀಗರಿಗೆ ಚಹಾದ ಜೊತೆ ಶೋಭಿಸುತ್ತದೆ. ಎರಡು ವರ್ಷದ ಕೂಸಿನ ಊಟಕ್ಕಲ್ಲ. ಹಾಲಿನಲ್ಲಿ ನೆನೆದ ರೊಟ್ಟಿ, ಹೆಸರುಬೇಳೆಯ ಕಿಚಡಿ, ನುಗ್ಗೆಸೊಪ್ಪು, ಬಾಳೆಹಣ್ಣು ನಮ್ಮ ಹಿತ್ತಲು ಸಂತೆಗಳಲ್ಲಿಯೇ ದೊರಕುತ್ತವೆ. ಮನೆಮಂದಿ ಒಟ್ಟಿಗೆ ಕುಳಿತು ಉಣ್ಣುವಾಗ ಮಗುವೂ ಉಣ್ಣಲು ಕಲಿಯುತ್ತದೆ.

ಸರ್ಕಾರವೂ ನೆರವು ನೀಡುತ್ತ ಬಂದಿದೆ. ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಪೌಷ್ಟಿಕ ಊಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ರಾಜ್ಯದಾದ್ಯಂತ ಆರಂಭವಾಯಿತು. ಅದೇ ವರ್ಷ ಬಂದ ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲ ಹೆರಿಗೆಗೆ 5,000 ರೂಪಾಯಿ ಗೊತ್ತುಪಡಿಸಲಾಯಿತು. ಅಂಗನವಾಡಿಯ ಊಟ ಮನೆತನಕ್ಕೆ ಕುಂದೆಂದು ಬಗೆಯುವವರು, ಅದು ತಾಯಿಯ ಹಕ್ಕೆಂದು ತಿಳಿಯಬೇಕು. ಬಂದ ಹಣ ಗೊಬ್ಬರದಂಗಡಿಯ ಬಾಕಿಗೆ ಹೋಗದೆ ಅವಳ ಗಂಗಾಳಕ್ಕೇ ಸೇರಬೇಕು.

ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರಲು ಲಕ್ಕಮ್ಮ ಹೇಳಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆಕೆಯ ನಿರ್ಲೋಭವನ್ನು ಹೊಗಳುತ್ತೇವೆ. ಆದರೆ ಇದು ಹೆಚ್ಚು ಎಂದು ತಿಳಿಯಬೇಕಾದರೆ ಮನೆಗೆ ಎಷ್ಟು ಬೇಕೆಂಬ ಲೆಕ್ಕ ಆಕೆಗೆ ತಿಳಿದಿರಲೇಬೇಕಲ್ಲವೇ? ಆಕೆ ಬರಿಯ ಅಡುಗೆಯವಳಲ್ಲ, ಆ ಮನೆಯ ಅಳತೆ ಬಲ್ಲವಳು. ಗಂಡ ಆ ಅಳತೆಗೆ ತಲೆಬಾಗಿದ.

ಹಾಗೆಯೇ ಸುಗ್ಗಿಯ ರೊಕ್ಕ ಕೈಸೇರಿದ ದಿನವೇ ಗಂಡ-ಹೆಂಡಿರು ಕೂಡಿ ಕುಳಿತು ಲೆಕ್ಕ ಬರೆಯಲಿ. ಬೀಜ-ಗೊಬ್ಬರ, ಸಾಲದ ಕಂತು, ಹಬ್ಬ-ಜಾತ್ರೆಗಳಿಗೆ ಮೊದಲು, ಬಸುರಿ-ಬಾಣಂತಿ-ಕೂಸುಗಳ ವರ್ಷದ ಆಹಾರಕ್ಕೆ ಒಂದು ಪಾಲು ತೆಗೆದು ಹೆಣ್ಣಿನ ಕೈಗೆ ಕೊಡಲಿ. ಹೊಲದ ಬದುವಿಗೆ ನಾಲ್ಕು ಸಾಲು ಹೆಸರು, ಅಲಸಂದಿ ಬಿತ್ತಲಿ. ಕುಬಸದ ಊಟದ ಎಲೆಗಳು ಅರ್ಧಕ್ಕೆ ಇಳಿದರೂ ಚಿಂತೆಯಿಲ್ಲ. ದಾಸೋಹವೆಂಬುದು ಮಠದ ಪಂಕ್ತಿಯಲ್ಲಿ ಮಾತ್ರ ನಡೆಯುವುದಲ್ಲ. ಹೆತ್ತು ಹಣ್ಣಾದ ಜೀವಕ್ಕೆ ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಬಡಿಸುವುದೂ ದಾಸೋಹವೇ.