ತೋಳಿನ ತುರಿಕೆಗೆ ಮೂಲ ಕತ್ತಿನಲ್ಲಿ



ಕಳೆದ ಬೇಸಿಗೆಯ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಕಿಣತ್ತುಕ್ಕಡವು ಕಡೆಯ ಟೊಮೇಟೊ ಬೆಳೆಗಾರರೊಬ್ಬರು ನಮ್ಮನ್ನು ಕಾಣಲು ಬಂದರು. ವಯಸ್ಸು ಐವತ್ತೈದರ ಆಸುಪಾಸು. ಮೊಣಕೈ ಮುಚ್ಚುವಂತೆ ಟವಲು ಹೊದ್ದಿದ್ದರು. ಟವಲು ಸರಿಸಿದಾಗ ಎರಡೂ ಮುಂಗೈಗಳ ಮೇಲೆ ಉಗುರಿನ ಗೀರು, ಹಕ್ಕಳೆ, ಒಣಗಿದ ರಕ್ತ.

"ಸ್ವಾಮಿ, ಎರಡು ವರ್ಷದಿಂದ ಹೀಗೆ. ರಾತ್ರಿ ನಿದ್ದೆಯಿಲ್ಲ. ಅಂಟುರೋಗವೇನೋ ಅಂತ ಸೊಸೆಗೆ ಹೆದರಿಕೆ. ಮೊಮ್ಮಗಳನ್ನು ನನ್ನ ಹತ್ತಿರ ಮಲಗಿಸುವುದಿಲ್ಲ. ಅವಳ ಭಯವೂ ನ್ಯಾಯವೇ ಅಂತ ನಾನೂ ಸುಮ್ಮನಿದ್ದೇನೆ" ಎಂದರು.

ಔಷಧದಂಗಡಿಯಿಂದ ತಂದು ಹಚ್ಚಿದ ಮುಲಾಮುಗಳು ಐದು ಬಗೆ. ಕೀಟನಾಶಕದ ದೋಷವಿರಬಹುದೆಂದು ಸಿಂಪಡಿಸುವ ಕೆಲಸ ಬಿಟ್ಟರು. ಸಾಬೂನು ಬದಲಿಸಿದರು. ಯಾವುದರಿಂದಲೂ ಗುಣ ಕಾಣಲಿಲ್ಲ. ಕೊನೆಗೆ, ಹೇಳಲು ನಾಚಿಕೆಪಡುವವರಂತೆ, ಇನ್ನೊಂದು ಮಾತು ಸೇರಿಸಿದರು: "ನಡುರಾತ್ರಿ ಎದ್ದು ಹೋಗಿ ಬಾವಿಯ ಪಕ್ಕದ ತೊಟ್ಟಿಯ ತಣ್ಣೀರಿನಲ್ಲಿ ಮೊಣಕೈವರೆಗೆ ಅದ್ದಿ ಕೂರುತ್ತೇನೆ. ಆಗ ಮಾತ್ರ ಸಮಾಧಾನ."

ನಾವು ವೈದ್ಯರಲ್ಲ. ಅವರನ್ನು ಕೊಯಮತ್ತೂರಿನ ಚರ್ಮವೈದ್ಯರೊಬ್ಬರ ಬಳಿಗೆ ಕಳುಹಿಸಿದೆವು. ತಣ್ಣೀರಿನ ಸಂಗತಿಯನ್ನು ಮರೆಯದೆ ಹೇಳಬೇಕೆಂದೂ ತಿಳಿಸಿದೆವು. ವೈದ್ಯರು ಕೈಯನ್ನು ನೋಡಿದ್ದು ಸ್ವಲ್ಪ ಹೊತ್ತು, ಕತ್ತನ್ನು ಪರೀಕ್ಷಿಸಿದ್ದು ಬಹಳ ಹೊತ್ತು. "ತುರಿಕೆ ಕೈಯಲ್ಲಿ, ಡಾಕ್ಟರು ಕತ್ತು ನೋಡಿದರಲ್ಲ ಸ್ವಾಮಿ" ಎಂದು ಅವರು ಅಚ್ಚರಿಯಿಂದ ಕೇಳಿದರು. ಈ ಪ್ರಶ್ನೆಗೆ ಉತ್ತರ ನಮ್ಮ ರೈತ ಕುಟುಂಬಗಳಿಗೆಲ್ಲ ತಿಳಿದಿರಬೇಕೆಂದು ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಇದು ಯಾವ ಬಾಧೆ?

ವೈದ್ಯಶಾಸ್ತ್ರದಲ್ಲಿ ಇದರ ಹೆಸರು ಬ್ರೇಕಿಯೋರೇಡಿಯಲ್ ಪ್ರುರೈಟಸ್. ಮೊಣಕೈಯ ಸುತ್ತ, ಮುಂಗೈಯ ಹೊರಮೈ ಮೇಲೆ, ಕೆಲವರಿಗೆ ಮೇಲ್ದೋಳಿನವರೆಗೂ ಹಬ್ಬುವ ತುರಿಕೆ ಇದು. ಬರೀ ತುರಿಕೆಯಲ್ಲದೆ ಉರಿ, ಚುಚ್ಚುವಿಕೆ, ಇರುವೆ ಹರಿದಾಡಿದಂತಹ ಅನುಭವವೂ ಇರುತ್ತದೆ. ಚರ್ಮದ ಮೇಲೆ ಮೊದಲು ಗುಳ್ಳೆಯಾಗಲಿ ಕಲೆಯಾಗಲಿ ಇರುವುದಿಲ್ಲ. ಆಮೇಲೆ ಕಾಣುವ ಗಾಯಗಳೆಲ್ಲ ನಮ್ಮ ಉಗುರಿನಿಂದಲೇ ಆದವು.

1968ರಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಚರ್ಮವೈದ್ಯ ವೈಸ್‌ಮನ್ ಎಂಬವರು ಇದನ್ನು ಮೊದಲು ವಿವರಿಸಿದರು. ಫ್ಲಾರಿಡಾ ಬಿಸಿಲಿನ ನಾಡು. ಆದ್ದರಿಂದ ಬಿಸಿಲೇ ಕಾರಣವೆಂದು ಅವರು ತಿಳಿದರು. ಮುಂದೆ 1980ರ ದಶಕದಿಂದ ಈಚೆಗೆ, ಇಂತಹ ರೋಗಿಗಳಲ್ಲಿ ಅನೇಕರಿಗೆ ಕತ್ತಿನ ಮೂಳೆಗಳ ಸವೆತವೂ ಇರುವುದು ವೈದ್ಯರ ಗಮನಕ್ಕೆ ಬಂತು.

ನಮ್ಮ ಕತ್ತಿನಲ್ಲಿ ಏಳು ಮೂಳೆಗಳಿವೆ. ಅವುಗಳ ಸಂದುಗಳಿಂದ ಎಂಟು ಜೊತೆ ನರಗಳು ಹೊರಡುತ್ತವೆ. ಐದರಿಂದ ಎಂಟರವರೆಗಿನ ನರಗಳು ತೋಳಿಗೆ ಮತ್ತು ಕೈಗೆ ಹೋಗುತ್ತವೆ. ವಯಸ್ಸಾದಂತೆ ಮೂಳೆಗಳ ನಡುವಣ ಮೆತ್ತೆ ಸವೆಯುತ್ತದೆ, ಅಂಚಿನಲ್ಲಿ ಮೂಳೆ ಚೂಪಾಗಿ ಬೆಳೆಯುತ್ತದೆ, ನರಕ್ಕೆ ಒತ್ತಡ ಬೀಳುತ್ತದೆ. ಹೀಗೆ ಒತ್ತಡಕ್ಕೆ ಸಿಕ್ಕ ನರ, ಕೈಯಲ್ಲಿ ಏನೂ ಇಲ್ಲದಿದ್ದರೂ "ಕೈಯಲ್ಲಿ ತುರಿಕೆ" ಎಂಬ ಸುಳ್ಳು ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ದೇವಾಲಯದ ಗಂಟೆಯ ಹಗ್ಗ ನಡುವೆ ಎಲ್ಲೋ ಕೊಂಬೆಗೆ ಸಿಕ್ಕಿಕೊಂಡರೆ, ಕೆಳಗೆ ಎಳೆಯುವವರು ಯಾರೂ ಇಲ್ಲದಿದ್ದರೂ ಗಾಳಿಗೆ ಗಂಟೆ ಬಾರಿಸುತ್ತದಷ್ಟೇ. ಇದೂ ಹಾಗೆಯೇ. ಕತ್ತು ನೋಯಲೇಬೇಕೆಂಬ ನಿಯಮವೂ ಇಲ್ಲ.

ಹಾಗಾದರೆ ಬಿಸಿಲಿಗೆ ಸಂಬಂಧವಿಲ್ಲವೇ? ಇದೆ. ಬಿಸಿಲು ಚರ್ಮದೊಳಗಿನ ಸೂಕ್ಷ್ಮ ನರತಂತುಗಳಿಗೆ ಹಾನಿ ಮಾಡುತ್ತದೆ. ಕತ್ತಿನ ದೋಷವನ್ನು ಒಣಹುಲ್ಲು ಎಂದುಕೊಂಡರೆ ಬಿಸಿಲು ಕಿಡಿ ಇದ್ದಂತೆ ಎಂದು ಅನೇಕ ವೈದ್ಯರ ಅಭಿಪ್ರಾಯ. ಪಲ್ಲಡಂ ಕಡೆ ದಿನವಿಡೀ ತಲೆ ಬಗ್ಗಿಸಿ ಈರುಳ್ಳಿಯ ಕಳೆ ತೆಗೆಯುವವರು, ಪೊಳ್ಳಾಚಿಯ ತೋಟಗಳಲ್ಲಿ ತಲೆಹೊರೆ ಹೊರುವವರು, ಬೆನ್ನಿಗೆ ಔಷಧದ ಟ್ಯಾಂಕು ಕಟ್ಟಿಕೊಂಡು ಸಾಲುಗಳ ನಡುವೆ ನಡೆಯುವವರು, ಇವರಿಗೆಲ್ಲ ಕತ್ತಿನ ಶ್ರಮವೂ ಇದೆ, ಬಿಸಿಲೂ ಇದೆ. ತಿರುಪ್ಪೂರಿನ ಬನಿಯನ್ ಕಂಪೆನಿಗಳಲ್ಲಿ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಕೂರುವ ನಮ್ಮ ಮಕ್ಕಳಿಗೆ ಬಿಸಿಲಿಲ್ಲದಿದ್ದರೂ ಕತ್ತಿನ ಶ್ರಮ ತಪ್ಪಿದ್ದಲ್ಲ.

ಗುರುತಿಸುವುದು ಹೇಗೆ?

ಆ ರೈತಬಂಧು ನಾಚಿಕೆಯಿಂದ ಹೇಳಿದ ತಣ್ಣೀರಿನ ಮಾತೇ ಮುಖ್ಯವಾದ ಗುರುತು. ಮಂಜುಗಡ್ಡೆ ಇಟ್ಟರೆ ತುರಿಕೆ ತಗ್ಗುವುದು, ತೆಗೆದ ಸ್ವಲ್ಪ ಹೊತ್ತಿಗೆ ಮರಳುವುದು ಈ ಬಾಧೆಯ ವಿಶೇಷ. 2005ರಲ್ಲಿ ಚರ್ಮವೈದ್ಯರು ಇದನ್ನೇ ರೋಗ ಗುರುತಿಸುವ ಲಕ್ಷಣವೆಂದು ವೈದ್ಯಪತ್ರಿಕೆಯಲ್ಲಿ ಬರೆದರು.

ಆದರೂ ಕೈಯ ತುರಿಕೆಯೆಲ್ಲ ಇದೇ ಎಂದು ತಿಳಿಯಬಾರದು. ಬೆರಳಸಂದಿಯಲ್ಲಿ, ಮಣಿಕಟ್ಟಿನಲ್ಲಿ ತುರಿಸಿ, ಮನೆಯ ಇತರರಿಗೂ ಬಂದಿದ್ದರೆ ಅದು ಕಜ್ಜಿಯಿರಬಹುದು. ಅದು ಅಂಟುತ್ತದೆ, ಮನೆಯವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು. ಪಾರ್ಥೇನಿಯಂ ಕಳೆ ಕಿತ್ತ ಮೇಲೆ ಮುಖ, ಕತ್ತು, ಮೊಣಕೈ ಮಡಿಕೆಗಳು ಕೆಂಪೇರಿ ದಪ್ಪಗಾದರೆ ಅದು ಆ ಗಿಡದ ಅಲರ್ಜಿಯಿರಬಹುದು. ಮೈಯೆಲ್ಲ ತುರಿಸುವವರು ಸಕ್ಕರೆ ಕಾಯಿಲೆ, ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಸ್ಪರ್ಶಜ್ಞಾನವಿಲ್ಲದ ಬಿಳಚು ಮಚ್ಚೆ ಕಂಡರೆ ಕುಷ್ಠದ ಪರೀಕ್ಷೆ ಆಗಬೇಕು. ಅದಕ್ಕೂ ಹೆದರಬೇಕಾಗಿಲ್ಲ, ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧದಿಂದ ಪೂರ್ಣ ವಾಸಿಯಾಗುತ್ತದೆ.

ಮುಲಾಮಿನ ಮೋಹ

ಇಲ್ಲಿ ಒಂದು ಎಚ್ಚರಿಕೆ. ತುರಿಕೆಗೆಂದು ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಬಹಳಷ್ಟು ಸ್ಟೀರಾಯ್ಡ್ ಸೇರಿದವು. ಇವುಗಳಿಂದ ನರದ ತುರಿಕೆಗೆ ಹೆಚ್ಚಿನ ಪ್ರಯೋಜನವಿಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿಯಿದ್ದರೆ ಅದು ಇನ್ನಷ್ಟು ಹಬ್ಬುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರಕಾರ ನಿಯಮ ಬಿಗಿ ಮಾಡಿದೆ. ಅಲರ್ಜಿಗೆ ಕೊಡುವ ಸೆಟಿರಿಜಿನ್‌ನಂತಹ ಮಾತ್ರೆಗಳೂ ಈ ತುರಿಕೆಗೆ ಅಷ್ಟಾಗಿ ನಾಟುವುದಿಲ್ಲ, ಏಕೆಂದರೆ ಇದರ ಮೂಲ ಅಲರ್ಜಿಯಲ್ಲ.

ಮನೆಯಲ್ಲಿ ಮಾಡಬಹುದಾದದ್ದು

1. ತುರಿಕೆ ಎದ್ದಾಗ ಕೆರೆಯುವ ಬದಲು ತಣ್ಣೀರಿನ ಬಟ್ಟೆ ಸುತ್ತಿ, ಇಲ್ಲವೇ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಐದರಿಂದ ಹತ್ತು ನಿಮಿಷ ಇಡಿ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ಒತ್ತಬೇಡಿ. ಕೈ ಜೋಮು ಹಿಡಿಯುವವರು ಹೆಚ್ಚು ಎಚ್ಚರದಿಂದಿರಿ.

2. ಸುಡುನೀರು ಹುಯ್ಯಬೇಡಿ. ಆ ಕ್ಷಣಕ್ಕೆ ಹಿತವೆನಿಸಿದರೂ ಆಮೇಲೆ ತುರಿಕೆ ಕೆರಳುತ್ತದೆ. ಉಗುರು ಗಿಡ್ಡವಾಗಿರಲಿ. ಸ್ನಾನದ ನಂತರ ಕೊಬ್ಬರಿ ಎಣ್ಣೆ ಸವರಿದರೆ ಚರ್ಮ ಒಡೆಯದು.

3. ತುಂಬುತೋಳಿನ ಹತ್ತಿ ಅಂಗಿ ತೊಡಿ. ಲೋಕಕ್ಕೆಲ್ಲ ಬನಿಯನ್ ಹೊಲಿದು ಕಳುಹಿಸುವ ಸೀಮೆ ನಮ್ಮದು. ಆದರೆ ನಡುಹಗಲ ಬಿಸಿಲಿಗೆ ಬರೀ ಬನಿಯನ್ ಸಾಲದು. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಕಳೆ ಕೀಳುವ ನಮ್ಮ ಅಕ್ಕತಂಗಿಯರನ್ನು ನೋಡಿ ಅಣ್ಣತಮ್ಮಂದಿರು ಕಲಿಯಬೇಕು. ಬೈಕು ಓಡಿಸುವಾಗಲೂ ತೋಳು ಮುಚ್ಚಿರಲಿ.

4. ತಲೆಹೊರೆಯನ್ನು ಕೈಗಾಡಿಗೆ ಹಾಕಿ. ಅರ್ಧ ಗಂಟೆಗೊಮ್ಮೆ ತಲೆಯೆತ್ತಿ, ಭುಜ ಸಡಿಲಿಸಿ. ಎತ್ತರದ ದಿಂಬು ಬೇಡ.

5. ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ಲಟಕ್ಕೆನ್ನಿಸುವ ಅಭ್ಯಾಸವನ್ನು ಇಂದೇ ಬಿಡಿ. ಒತ್ತಡದಲ್ಲಿರುವ ನರಕ್ಕೆ ಅದರಿಂದ ಅಪಾಯವಾಗಬಹುದು. ಕತ್ತಿನ ವ್ಯಾಯಾಮವನ್ನು ಫಿಜಿಯೋಥೆರಪಿ ಬಲ್ಲವರಿಂದಲೇ ಕಲಿಯಿರಿ.

ವೈದ್ಯರು ಕೊಡುವ ಔಷಧ

ನರವನ್ನು ಶಾಂತಗೊಳಿಸುವ ಗ್ಯಾಬಾಪೆಂಟಿನ್, ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಗಳಿಂದ ಅನೇಕರಿಗೆ ಉಪಶಮನ ಸಿಕ್ಕಿದೆ. ಇವನ್ನು ವೈದ್ಯರು ಸ್ವಲ್ಪ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ತಲೆ ತಿರುಗುವುದು, ತೂಕಡಿಕೆ ಉಂಟು. ಆದ್ದರಿಂದ ಮೈಗೆ ಒಗ್ಗುವವರೆಗೆ ತೆಂಗಿನ ಮರ ಹತ್ತುವುದು, ಟ್ರ್ಯಾಕ್ಟರ್ ಓಡಿಸುವುದು ಬೇಡ. ಮೂತ್ರಪಿಂಡ, ಹೃದಯ, ಪ್ರಾಸ್ಟೇಟ್ ಗ್ರಂಥಿ ಅಥವಾ ಗ್ಲಾಕೋಮಾ ತೊಂದರೆಯಿರುವವರು ಅದನ್ನು ಮೊದಲೇ ಹೇಳಬೇಕು. ಗುಣ ಕಂಡಿತೆಂದು ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು.

ಇನ್ನೊಂದು ಔಷಧದ ಮೂಲ ನಮ್ಮ ಹೊಲದಲ್ಲೇ ಇದೆ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನು ಮುಲಾಮಾಗಿ ಮಾಡಿದ್ದಾರೆ. ಖಾರ ನಮ್ಮ ನರಕ್ಕೆ ಉರಿಯಾಗಿ ತಿಳಿಯುವುದು ಹೇಗೆಂಬುದನ್ನು ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಕಂಡುಹಿಡಿದರು. ಈ ಕೆಲಸಕ್ಕಾಗಿ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಈ ಮುಲಾಮು ಮೊದಲು ಉರಿಯುತ್ತದೆ. ಕೆಲವು ವಾರ ಬಿಡದೆ ಹಚ್ಚಿದಾಗ ನರ ದಣಿದು ಸುಮ್ಮನಾಗುತ್ತದೆ. ಗಾಯದ ಮೇಲೆ ಹಚ್ಚಬಾರದು, ಹಚ್ಚಿದ ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಇದನ್ನು ಓದಿ ಯಾರೂ ಮನೆಯ ಮೆಣಸಿನಕಾಯಿ ಅರೆದು ತಿಕ್ಕಿಕೊಳ್ಳಬೇಡಿ!

ಹಿಡಿತ ಸಡಿಲವಾಗಿ ಕೈಯಿಂದ ವಸ್ತು ಜಾರುವುದು, ನಡೆಯುವಾಗ ಓಲಾಡುವುದು, ಮಲಮೂತ್ರದ ಹತೋಟಿ ತಪ್ಪುವುದು, ಜ್ವರ ಅಥವಾ ತೂಕ ಇಳಿತದೊಡನೆ ಕತ್ತು ನೋವು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೊಯಮತ್ತೂರಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಳೆಯದು. ತಿರುಪ್ಪೂರಿಗೂ 2022ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ.

ಮನೆಯಲ್ಲಿ ಕನ್ನಡವಾಡುವ ನಮ್ಮ ಹಿರಿಯರು ಆಸ್ಪತ್ರೆಯಲ್ಲಿ ಮಾತು ತಡವರಿಸಿ ಅರ್ಧ ಹೇಳಿ ಬರುವುದುಂಟು. ಅವರಿಗಾಗಿ ನಾಲ್ಕು ತಮಿಳು ಮಾತು: ತುರಿಕೆಗೆ 'ಅರಿಪ್ಪು', ಉರಿಗೆ 'ಎರಿಚ್ಚಲ್', ಕತ್ತಿಗೆ 'ಕಳುತ್ತು', ನರಕ್ಕೆ 'ನರಂಬು'. ತಣ್ಣೀರಿಗೆ ತಗ್ಗುತ್ತದೆಯೇ, ಬಿಸಿಲಿಗೆ ಹೆಚ್ಚುತ್ತದೆಯೇ ಎಂಬುದನ್ನು ಕೇಳದಿದ್ದರೂ ಹೇಳಿ.

ಈ ಬಾಧೆ ನಿಧಾನವಾಗಿ ತಗ್ಗುತ್ತದೆ, ಕೆಲವರಿಗೆ ಬೇಸಿಗೆಯಲ್ಲಿ ಮರಳುತ್ತದೆ. ಒಂದೇ ವಾರದಲ್ಲಿ ಬೇರುಸಹಿತ ಕೀಳುತ್ತೇವೆನ್ನುವವರಿಗೆ ಹಣ ಕೊಡಬೇಡಿ. ಆದರೆ ಇದು ಅಂಟುವ ರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಚಾಪೆಯಲ್ಲಿ ಮಲಗಿದರೂ, ಒಂದೇ ಟವಲು ಬಳಸಿದರೂ ಬಾರದು. ಮನೆಯವರು ಇದನ್ನು ತಿಳಿದರೆ ರೋಗಿಗೆ ಅರ್ಧ ಉಪಶಮನ ಸಿಕ್ಕಂತೆ.

ನಮ್ಮ ಟೊಮೇಟೊ ಬೆಳೆಗಾರರಿಗೆ ತುರಿಕೆ ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ತೊಟ್ಟಿಯ ಬಳಿ ಹೋಗುವುದು ನಿಂತಿದೆ. ವೈದ್ಯರ ಮಾತನ್ನು ಮಗನಿಂದ ಕೇಳಿದ ಮೇಲೆ ಸೊಸೆಯೇ ಮೊಮ್ಮಗಳ ಹಾಸಿಗೆಯನ್ನು ತಾತನ ಪಕ್ಕಕ್ಕೆ ತಂದು ಹಾಸಿದಳಂತೆ. ತುಂಬುತೋಳಿನ ಅಂಗಿ ತೊಟ್ಟು ಕಳೆದ ಭಾನುವಾರ ಬಂದಾಗ ಅವರು ನಮಗೆ ಮೊದಲು ಹೇಳಿದ್ದು ಆ ಸಂಗತಿ. ಕೈಯ ವಿಚಾರವನ್ನು ಆಮೇಲೆ ನಾವೇ ಕೇಳಬೇಕಾಯಿತು.