ಮಾವನ ಉಸಿರಿಗೊಂದು ಅಳತೆ

ಅಂಜನಾಪುರದ ಬಡಾವಣೆಯೊಂದರ ಮನೆಯಲ್ಲಿ, ನಸುಕಿನ ನಾಲ್ಕು ಗಂಟೆಗೆ, “ಮಾವ, ಕೈ ಕೊಡಿ” ಎಂದು ಸೊಸೆಯು ವೃದ್ಧರ ಬೆರಳನ್ನು ತನ್ನ ಅಂಗೈಗಳ ನಡುವೆ ಉಜ್ಜಿ ಬೆಚ್ಚಗಾಗಿಸಿ (ತಣ್ಣನೆಯ ಬೆರಳು ತಪ್ಪು ಅಂಕೆ ತೋರುವುದುಂಟು) ರಕ್ತದ ಆಮ್ಲಜನಕದ ಶೇಕಡಾ ಮಟ್ಟವನ್ನು ಅಳೆಯುವ ಪಲ್ಸ್ ಆಕ್ಸಿಮೀಟರನ್ನು ಸಿಕ್ಕಿಸಲು, ಅದರಲ್ಲಿ 90 ಎಂದು ಮೂಡುತ್ತದೆ.

ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95ಕ್ಕೆ ಮೇಲಿರತಕ್ಕ ಅಂಕೆಯು ಇಷ್ಟು ಇಳಿಯಿತಲ್ಲಾ ಎಂದು ಗಾಬರಿಗೊಂಡು ಆಮ್ಲಜನಕದ ಯಂತ್ರದ ತಿರುಪನ್ನು ಏರಿಸಿದೆವೆಂದರೆ, ಮಾವನಂತೆ ದೀರ್ಘಕಾಲದ ಶ್ವಾಸಕೋಶವ್ಯಾಧಿಯುಳ್ಳ ಕೆಲವರ ರಕ್ತದಲ್ಲಿ ಇಂಗಾಲಾಮ್ಲ ವಾಯುವು ಸಂಚಯವಾಗಿ ಅವರು ಮಂಪರಿಗೆ ಜಾರುವ ಅಪಾಯವಿರುವುದರಿಂದ, ಅಂಥವರಿಗೆ ವೈದ್ಯರು 88ರಿಂದ 92ರ ಮಿತಿಯನ್ನು ವಿಧಿಸುತ್ತಾರೆ.

ಹೀಗೆ ಎದ್ದು ನೋಡದೆಯೂ ರಾತ್ರಿಯಿಡೀ ನಿಗಾ ಇಡುವ ಯಂತ್ರಗಳೂ ಇವೆ. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೋಜೀ ಸಂಸ್ಥೆಯ ಹಾಳೆಯಂತಹ ಸಾಧನವು ಹಾಸಿಗೆಯ ಕೆಳಗಿದ್ದುಕೊಂಡೇ, ಹೃದಯದ ಬಡಿತವೂ ಉಸಿರೂ ದೇಹದಲ್ಲಿ ಎಬ್ಬಿಸುವ ಸೂಕ್ಷ್ಮಕಂಪನಗಳಿಂದ ನಾಡಿಯನ್ನೂ ಉಸಿರಾಟವನ್ನೂ ಎಣಿಸಬಲ್ಲದೆಂಬುದು ನನಗೆ ಇಂದಿಗೂ ವಿಸ್ಮಯ. ಆದರೆ ಇಂಥ ಯಂತ್ರದ ಎಚ್ಚರಿಕೆಯ ಗಂಟೆ ಯಾವ ಅಂಕೆಗೆ ಮೊಳಗಬೇಕೆಂಬುದನ್ನು ಆಯಾ ರೋಗಿಯ ದೇಹವನ್ನು ಬಲ್ಲ ವೈದ್ಯರೇ ನಿಗದಿಮಾಡದೆ ಹೋದರೆ, ಇಡೀ ರಾತ್ರಿ ಅಕಾರಣವಾಗಿ ಕೂಗುವ ಯಂತ್ರವನ್ನು ಮನೆಯವರು ಬೇಸತ್ತು ಆರಿಸಿಬಿಡುತ್ತಾರೆ.

ಆಮ್ಲಜನಕದ ಯಂತ್ರದ ನೆತ್ತಿಗೆ ಅಂಟಿಸಿದ ಚೀಟಿಯಲ್ಲಿ ವೈದ್ಯರು ಬರೆದಿಟ್ಟ 88, 92 ಎಂಬ ಆ ಎರಡು ಅಂಕೆಗಳನ್ನು ಸೊಸೆಯು ಮೊಬೈಲಿನ ಬೆಳಕಿನಲ್ಲಿ ಮತ್ತೊಮ್ಮೆ ಓದಿ, ತಿರುಪನ್ನು ಮುಟ್ಟದೆ, ಮಾವನ ಹೊದಿಕೆಯನ್ನು ಸರಿಪಡಿಸುತ್ತಾಳೆ.